ಕಿತ್ತ ಚಪ್ಪಲಿಗೆ ಸಿಕ್ಕ ಬೀದಿ

ಭಾನುವಾರ, ಮಧ್ಯಾಹ್ನ

ನನ್ನ ಮುದ್ದು ಅಮ್ಮನಿಗೆ,

ಮನೆ ಸಿಕ್ಕಿತು! ಫೋನ್ ಮಾಡಬಹುದಿತ್ತು. ಆದರೆ ನೀನು ಬಾಯಿ ತೆರೆಯುವ ಮೊದಲೇ ಅಣ್ಣ ಪಕ್ಕದಲ್ಲಿ ನಿಂತು ನಿನ್ನ ಪರವಾಗಿ ಉತ್ತರ ಕೊಟ್ಟುಬಿಡುತ್ತಾನೆ. ಅದಕ್ಕೇ ಈ ಕಾಗದ. ಬಾಗಿಲು ಹಾಕಿಕೊಂಡು ಓದು.

ಕನ್ನಡಕದಂಗಡಿಯವರು ನನ್ನನ್ನು ಈ ಊರಿನ ಹೊಸ ಶಾಖೆಗೆ ಹಾಕಿದಾಗ, ನೀನೂ ಬಂದುಬಿಡು ಎಂದು ದುಂಬಾಲು ಬಿದ್ದಿದ್ದೆನಲ್ಲ. ಅಣ್ಣನ ಮನೆಯಲ್ಲಿ ನಿನಗೆ ಯಾವುದಕ್ಕೂ ಕಡಿಮೆಯಿಲ್ಲ, ಒಪ್ಪಿದೆ. ಆದರೆ ಒಂಬತ್ತನೇ ಮಹಡಿ, ಕೆಳಗಿಳಿದರೆ ಹೆದ್ದಾರಿ. ಒಂದು ಸೂಜಿ ಬೇಕೆಂದರೂ ಅವನ ಕಾರೇ ಹೊರಡಬೇಕು. ನೀನು ಆಗ ಹೇಳಿದ್ದು ನೆನಪಿದೆ: ನನ್ನ ಕಾಲಲ್ಲಿ ನಾನು ಓಡಾಡುವಂಥ ಬೀದಿ ಇದ್ದರೆ ಬರುತ್ತೇನೆ, ಪಂಜರ ಬದಲಾಯಿಸುವುದಕ್ಕೆ ಬರುವುದಿಲ್ಲ ಅಂತ.

ಸರಿ, ನಿನ್ನದೇ ಉಪಾಯ ಮಾಡಿದೆ. ನಾವು ಚಿಕ್ಕವರಿದ್ದಾಗ ಮನೆ ಬದಲಾಯಿಸುವಾಗೆಲ್ಲ ನೀನು ಪಟ್ಟಿ ಕಿತ್ತ ಚಪ್ಪಲಿ ಹಾಕಿಕೊಂಡು ಬೀದಿ ನೋಡಲು ಹೊರಡುತ್ತಿದ್ದೆ. ಯಾರಾದರೂ ನೋಡಿ ಅಯ್ಯೋ ಎಂದರೆ ಆ ಬೀದಿಯಲ್ಲೇ ಮನೆ. ಯಾರೂ ಕೇಳದಿದ್ದರೆ ಬಿಟ್ಟಿ ಕೊಟ್ಟರೂ ಬೇಡ. ಅಪ್ಪ ತಲೆ ಚಚ್ಚಿಕೊಳ್ಳುತ್ತಿದ್ದರು. ನಾನೂ ಅಂಥದೇ ಪಟ್ಟಿ ಕಿತ್ತ ಒಂದು ಹಳೇ ಚಪ್ಪಲಿ ಮೆಟ್ಟಿಕೊಂಡೆ. ಅಳತೆ ಚಿಕ್ಕದು, ಹಿಮ್ಮಡಿ ಹೊರಗೇ ಉಳಿಯಿತು. ಯಾರದ್ದು ಅಂತ ಈಗ ಕೇಳಬೇಡ.

ಮೊದಲು ಪಾರ್ಕಿನ ಪಕ್ಕದ ಬೀದಿ. ಮರಗಳೇನು, ಕಲ್ಲುಹಾಸೇನು! ಬಾಡಿಗೆ ಮಾತ್ರ ನನ್ನ ಕೈಗೆಟುಕದ್ದು. ಅಲ್ಲಿ ನನ್ನ ಕಾಲು ನೋಡಿದ್ದು ಒಂದು ನಾಯಿ ಮಾತ್ರ. ಆಮೇಲೆ ಊರಾಚೆಯ ಹೊಸ ಬಡಾವಣೆ. ಬಾಡಿಗೆ ಅಗ್ಗ, ಗೋಡೆ ಥಳಥಳ. ಆದರೆ ಅಯ್ಯೋ ಎನ್ನುವುದಕ್ಕೆ ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಅವತ್ತು ರೂಮಿಗೆ ಬಂದು ಅತ್ತುಬಿಟ್ಟೆ. ಅಮ್ಮ ಇನ್ನು ಬರುವುದಿಲ್ಲ ಅನ್ನಿಸಿಬಿಟ್ಟಿತ್ತು.

ಮೊನ್ನೆ ದಲ್ಲಾಳಿ ನನ್ನ ಚಪ್ಪಲಿಯನ್ನೇ ದಿಟ್ಟಿಸಿದ. ಪಾಪ, ಗತಿಯಿಲ್ಲದವಳು ಎಂದುಕೊಂಡನೋ ಏನೋ, ತೋರಿಸಬೇಕೆಂದಿದ್ದ ಮನೆ ಬಿಟ್ಟು, ನಿಮ್ಮಂಥವರಿಗೆ ಸರಿಹೋಗುವುದು ಇದೆ ಎಂದು ಹಳೇ ಪ್ರಿಂಟಿಂಗ್ ಪ್ರೆಸ್ಸಿನ ಹಿಂದಿನ ಬೀದಿಗೆ ಕರೆದೊಯ್ದ. ನನಗೆ ಸಿಟ್ಟು ನೆತ್ತಿಗೇರಿತ್ತು. ಆದರೆ ಅಲ್ಲಿ ಕಾಲಿಟ್ಟಿದ್ದೇ ತಡ, ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದ ಒಬ್ಬಾಕೆ, ಬೀಳ್ತೀಯ ಕಣೇ ಹುಡುಗಿ ಎಂದು ಮೇಲಿನಿಂದಲೇ ಗದರಿದಳು. ಬ್ರೆಡ್ಡಿನಂಗಡಿಯವನು ಪಿನ್ನು ತಂದ. ಕ್ಷೌರದಂಗಡಿಯಲ್ಲಿ ಕೂತಿದ್ದ ಒಬ್ಬರು ಅರ್ಧ ಗಡ್ಡದ ನೊರೆಯಲ್ಲೇ ಎದ್ದು ಬಂದು, ಪಿನ್ನೆಲ್ಲ ನಿಲ್ಲೋದಿಲ್ಲ ಎಂದು ವಾದಕ್ಕಿಳಿದರು. ಕೊನೆಗೆ ಮೂಲೆಯಲ್ಲಿ ಚಪ್ಪಲಿ ಹೊಲಿಯುವ ಅಜ್ಜ, ನಾನು ಬೇಡ ಬೇಡ ಎಂದರೂ ಕೇಳದೆ ಕಾಲಿಂದ ಬಿಚ್ಚಿಸಿಕೊಂಡು ಹೊಲಿದೇಬಿಟ್ಟ. ಚಪ್ಪಲಿಯೇ ನೆಟ್ಟಗಾದ ಮೇಲೆ ಇನ್ನೊಂದು ಬೀದಿಯನ್ನು ಪರೀಕ್ಷೆ ಮಾಡುವುದು ಹೇಗೆ ಹೇಳು? ಅಲ್ಲೇ ಒಪ್ಪಿಕೊಂಡೆ. ನಿನ್ನೆ ಸಾಮಾನೂ ತಂದಿಟ್ಟೆ.

ಮನೆ ಅಂಗೈಯಗಲ. ಅಡುಗೆಮನೆಯಲ್ಲಿ ನಾವಿಬ್ಬರೂ ನಿಂತರೆ ಜಗಳ ಖಂಡಿತ. ಪ್ರೆಸ್ಸು ಸಂಜೆಯವರೆಗೆ ಧಡಧಡ ಎನ್ನುತ್ತದೆ. ಬೀದಿಯವರಿಗೆ ಎಲ್ಲದರಲ್ಲೂ ಮೂಗು ತೂರಿಸುವ ಚಾಳಿ. ನನ್ನ ಸಂಬಳ, ಮದುವೆ ಎರಡೂ ಆಗಲೇ ವಿಚಾರಣೆಗೆ ಬಂದಾಯಿತು. ನಿನಗೆ ಒಳ್ಳೇ ಜೋಡಿ. ಆದರೆ ಮೆಟ್ಟಿಲ ಕಾಟವಿಲ್ಲ. ತರಕಾರಿ, ಔಷಧಿ ಅಂಗಡಿ, ವಾಚನಾಲಯ ಎಲ್ಲಕ್ಕೂ ನೀನೊಬ್ಬಳೇ ನಿಧಾನಕ್ಕೆ ನಡೆದುಕೊಂಡು ಹೋಗಿ ಬರಬಹುದು. ಬಾಡಿಗೆಗೆ ನನ್ನ ಸಂಬಳ ಸಾಕು, ಅಣ್ಣನ ಕೈ ನೋಡಬೇಕಿಲ್ಲ.

ಇನ್ನೊಂದು ಮಾತು. ಚೆನ್ನಾಗಿದ್ದೇನೆ, ಚೆನ್ನಾಗಿದ್ದೇನೆ ಎಂದು ಫೋನಿನಲ್ಲಿ ಹೇಳುತ್ತಿದ್ದೆನಲ್ಲ, ಎಲ್ಲ ಸುಳ್ಳು ಅಮ್ಮ. ದಿನವಿಡೀ ಬೇರೆಯವರ ಕನ್ನಡಕದ ಗಾಜು ಉಜ್ಜಿ ಬಂದು ಸಂಜೆ ಗೋಡೆ ನೋಡುತ್ತಾ ಕೂರುತ್ತಿದ್ದೆ. ನಿನಗಾಗಿ ಬೀದಿ ಹುಡುಕಿದೆ ಅನ್ನುವುದು ಅರ್ಧ ನಿಜ. ನೀನಿಲ್ಲದೆ ನನಗೇ ಆಗುತ್ತಿಲ್ಲ. ಬಾ.

ನಿನ್ನ
ಮೊಂಡಿ

ತಾ.ಕ.: ಹಳೇ ಚಪ್ಪಲಿ ಎಸೆದುಬಿಟ್ಟನೆಂದು ಅಣ್ಣನ ಜೊತೆ ಮಾತು ಬಿಟ್ಟಿದ್ದೀಯಂತೆ. ಪಾಪ, ಅವನು ಏನೂ ಮಾಡಿಲ್ಲ. ಹೊರಡುವ ದಿನ ನಾನೇ ಕದ್ದು ಸೂಟ್‌ಕೇಸಿಗೆ ಹಾಕಿಕೊಂಡಿದ್ದೆ, ಹೋದ ಕಡೆ ಬಾಗಿಲಲ್ಲಿ ನಿನ್ನ ಚಪ್ಪಲಿಯಾದರೂ ಇರಲಿ ಅಂತ. ಈಗ ಹೊಸ ಮನೆಯ ಬಾಗಿಲಲ್ಲಿ ಬಿಟ್ಟಿದ್ದೇನೆ. ಬೆಳಿಗ್ಗೆ ಮಹಡಿಯಾಕೆ ಅದನ್ನು ನೋಡಿ, ಅಮ್ಮ ಒಳಗಿದ್ದಾರಾ ಎಂದು ಕೇಳಿದಳು. ಹೂಂ, ಮಲಗಿದ್ದಾರೆ ಎಂದುಬಿಟ್ಟೆ. ಸಂಜೆ ಮಾತಾಡಿಸಲು ಬರುತ್ತಾಳಂತೆ. ಈ ಕಾಗದ ನಿನ್ನ ಕೈ ಸೇರುವವರೆಗೆ ನೀನು ಮಲಗಿಯೇ ಇರುತ್ತೀಯ. ಬೇಗ ಹೊರಡು.