ಹಾಸು ಕತ್ತರಿಸಿದ ಅವ್ವನಿಗೆ, ಎರಡು ದಿನದ ನೌಕರನಿಂದ

ನನ್ನ ಅವ್ವಾ,

ನೀನು ಹೋದ ಮೇಲೆ ಊರ ಮಂದಿಯ ಮದುವೆ ಪತ್ರಿಕೆಗಳಿಗೆ ಎಷ್ಟೋ ಪ್ರಾಸ ಹೊಸೆದೆ, ನಿನಗೊಂದು ಸಾಲು ಬರೆಯಲಿಲ್ಲ. ಇವತ್ತು ಬರೆಯುತ್ತಿರುವುದೂ ಪ್ರೀತಿಗಲ್ಲ, ಸಿಟ್ಟಿಗೆ. ನನ್ನ ಸಿಟ್ಟನ್ನು ಪೂರ್ತಿ ಕೇಳಿಸಿಕೊಳ್ಳುತ್ತಿದ್ದವಳು ನೀನೊಬ್ಬಳೇ.

ರೋಣದ ಪ್ರೆಸ್ಸಿಗೆ ಸೇರಿದ ದಿನ ಗಜೇಂದ್ರಗಡದಲ್ಲಿ ನೀನು ನನ್ನನ್ನು ಬಸ್ ಹತ್ತಿಸಲು ಬಂದಿದ್ದೆ, ನೆನಪಿದೆಯಾ? "ಬಿ.ಎ. ಮಾಡಿ ಮಂದಿ ತಪ್ಪು ತಿದ್ದೋ ಕೆಲಸ ಹಿಡದಿ. ನಿಂದೂ ಒಂಚೂರ ತಿದ್ಕೋಪಾ" ಅಂದಿದ್ದೆ. ಹತ್ತೊಂಬತ್ತು ವರ್ಷ ಪ್ರೂಫ್ ತಿದ್ದಿದೆ. ಈಗ ಜನ ಮದುವೆಗೆ ಮೊಬೈಲಿನಲ್ಲೇ ಕರೆಯುತ್ತಾರೆ. ಮಾಲೀಕರು ಮೊದಲು ಅರ್ಧ ದಿನ ಮಾಡಿದರು, ಯುಗಾದಿಯಿಂದ ವಾರಕ್ಕೆ ಎರಡೇ ದಿನ. ಪಗಾರವೂ ಅಷ್ಟಕ್ಕೇ. ಯಾವ ಎರಡು ದಿನ ಎಂದು ಹಿಂದಿನ ಸಂಜೆ ಫೋನಿನಲ್ಲಿ ತಿಳಿಯುತ್ತದೆ. ಹೀಗಿರುವಾಗ ಬೇರೆ ಯಾರಿಗೆ ಕೆಲಸಕ್ಕೆ ಬರುತ್ತೇನೆಂದು ಮಾತು ಕೊಡಲಿ?

"ಹಂಗಾದ್ರ ನನ್ನ ತಗದ ಬಿಡ್ರಿ, ಪರಿಹಾರ ಕೊಡ್ರಿ" ಎಂದೆ.

"ನಾ ಎಲ್ಲಿ ತಗದೀನ್ರಿ ಮಾಸ್ತರ? ಹಾಜರಿ ಪುಸ್ತಕದಾಗ ನಿಮ್ಮ ಹೆಸರ ಐತಲ್ಲ! ಬ್ಯಾಡಾದ್ರ ನೀವ ಬಿಡ್ರಿ."

ನಾನಾಗಿ ಬಿಟ್ಟರೆ ಅವರು ಪರಿಹಾರ ಕೊಡಬೇಕಿಲ್ಲ, ನೋಡು. ಪುಸ್ತಕದಲ್ಲಿ ಹಾಜರ, ಒಲೆಯ ಮುಂದೆ ಬೇಜಾರ. ಪ್ರಾಸ ಕೂಡಿತು, ಸಂಸಾರ ಕೂಡಲಿಲ್ಲ. ಕಾರ್ಮಿಕ ಕಚೇರಿಗೆ ಹೋದೆ. "ಬಾಯಿಮಾತು ನಡಿಯೂದಿಲ್ರಿ. ಮಾಲಕರಿಗೆ ಬರದ ಕೊಟ್ಟು, ಮುಟ್ಟಿತು ಅಂತ ಸಹಿ ತಗೊಂಬರ್ರಿ" ಎಂದರು.

ಬಸ್ಸಿನಲ್ಲಿ ವಾಪಸ್ ಬರುವಾಗ ನೀನು ಕತ್ತರಿ ಹಿಡಿದ ಆ ದಿನ ನೆನಪಾಯಿತು. ನಾನಾಗ ಬಿ.ಎ. ಮೊದಲ ವರ್ಷ. ಸೀರೆ ನೇಯಿಸುವ ಸಾವುಕಾರರು ನಮ್ಮ ಮಗ್ಗಕ್ಕೆ ಉದ್ದ ನೂಲಿನ ಹಾಸು ಕೊಟ್ಟಿದ್ದರು, ಅಡ್ಡ ನೇಯುವ ನೂಲು ಮಾತ್ರ ಮೂರು ವಾರ 'ನಾಳೆ, ನಾಳೆ'. ಒಬ್ಬರ ಹಾಸು ಮಗ್ಗದ ಮೇಲಿರುವಾಗ ಇನ್ನೊಬ್ಬರ ಸೀರೆ ಹಿಡಿಯಬಾರದು ಎಂಬುದು ನಮ್ಮ ಓಣಿಯ ಕಟ್ಟು. ನೀನು ಹಾಸನ್ನೇ ಕತ್ತರಿಸಿ, ಸುತ್ತಿ, ಬಗಲಲ್ಲಿಟ್ಟುಕೊಂಡು ಅವರ ಕಟ್ಟೆ ಹತ್ತಿದೆ. "ನಿಮ್ಮ ಹಾಸು ತಗೋರಿ ಸಾವುಕಾರ್ರ. ಕೆಲಸ ಇಲ್ಲ ಅಂತ ನಾಕ ಮಂದಿ ಮುಂದ ಹೇಳ್ರಿ, ನಾ ಹೋಗ್ತೀನಿ." ಅವರು ಹೇಳುವವರೆಗೆ ನೀನು ಇಳಿಯಲಿಲ್ಲ. ಗೆಳೆಯರೊಡನೆ ಅದೇ ದಾರಿಯಲ್ಲಿ ಬಂದ ನಾನು ನಾಚಿಕೆಯಿಂದ, ನೀನು ಯಾರೋ ಎಂಬಂತೆ ದಾಟಿಹೋದೆ. ಕಂಡಿದ್ದೆಯಾ? ಕಂಡಿದ್ದರೆ ಒಂದು ದಿನವಾದರೂ ಯಾಕೆ...

ಮೊನ್ನೆ, ನನ್ನದಲ್ಲದ ದಿನ, ಮನೆಯಲ್ಲಿ ಹೇಳಿಯೇ ಅರ್ಜಿ ಹಿಡಿದು ಪ್ರೆಸ್ಸಿಗೆ ಹೋದೆ: ಪೂರ್ತಿ ಕೆಲಸ ಕೊಡಿ, ಇಲ್ಲವೇ ಕೆಲಸವಿಲ್ಲವೆಂದು ಬರೆದು ಪರಿಹಾರ ಕೊಡಿ. ನನ್ನ ಜೀವನದ ಮೊದಲ ಪ್ರಾಸವಿಲ್ಲದ ಬರಹ. ಮದುವೆ ಪತ್ರಿಕೆ ಮಾಡಿಸಲು ಬಂದ ಅಬ್ಬಿಗೇರಿಯ ಬೀಗರು ಕೂತಿದ್ದರು.

"ಮಂದಿ ಮುಂದ ಏನ್ರಿ ಮಾಸ್ತರ ಇದು? ನಾಳಿ ಬರ್ರಿ" ಎಂದರು ಮಾಲೀಕರು.

ಆ 'ನಾಳೆ' ಕೇಳಿದ್ದೇ ತಡ, ಬಾಗಿಲಿಗೆ ಅಡ್ಡ ನಿಂತೆ. ಬಹಳ ಹೊತ್ತು ನಿಂತೆ. ಕೊನೆಗೆ ಬೀಗರ ಹಿರಿಯರೇ, "ಸಹಿ ಕೇಳಿದ್ರ ಆಸ್ತಿ ಕೇಳಿದಂಗ ಮಾಡ್ತೀರಲ್ರಿ! ಹಾಕ್ರಿ ಲಗೂ, ನಮ್ಮ ಪತ್ರಿಕಿ ಆಗ್ಲಿ" ಎಂದರು. ಮಾಲೀಕರು ಸಹಿ ಮಾಡಿ ತಾರೀಖು ಬಿಟ್ಟರು. ತಪ್ಪು ತಿದ್ದುವುದು ನನ್ನ ಕೆಲಸವಲ್ಲವೇ? ಅದನ್ನೂ ಹಾಕಿಸಿಕೊಂಡೆ.

ಬರುವ ಸೋಮವಾರ ಕಚೇರಿಯಲ್ಲಿ ನಮ್ಮಿಬ್ಬರನ್ನೂ ಕೂಡಿಸಿ ಕೇಳುತ್ತಾರಂತೆ. ಏನಾಗುವುದೋ ಗೊತ್ತಿಲ್ಲ. ಆದರೆ ನೀನು ಕೇಳಬೇಕಾದ ಸುದ್ದಿ ಬೇರೆ. ನಾನು ಹಾಗೆ ಬಾಗಿಲಲ್ಲಿ ನಿಂತಿದ್ದಾಗ ರೋಣದ ಕಾಲೇಜಿನಲ್ಲಿ ಓದುವ ನಿನ್ನ ಮೊಮ್ಮಗಳು ಗೆಳತಿಯರೊಡನೆ ಅದೇ ದಾರಿಯಲ್ಲಿ ಬಂದಳು. ನಾನು ತಲೆ ತಗ್ಗಿಸಿದೆ. ಅವಳು ದಾಟಿಹೋಗಲಿಲ್ಲ, ಅವ್ವಾ. ಚೀಲ ಇಳಿಸಿ ನನ್ನ ಪಕ್ಕದಲ್ಲೇ ನಿಂತು, ಎಲ್ಲರಿಗೂ ಕೇಳುವಂತೆ ಕೇಳಿದಳು: "ಅಪ್ಪಾ, ಸಹಿ ಆತೇನು?"

ನಿನ್ನ ಮಗ