ಬಿರುಕಿನಾಚೆ ಡೆನ್ಜಿಲ್

ಕಾರ್ನ್‌ವಾಲ್, ಭಾನುವಾರ ಬೆಳಿಗ್ಗೆ

ಮಾನ್ಯ ಟ್ರೆಮೇನ್ ಅವರೇ,

ನಿಮ್ಮ ಹೊಲದ ಪಕ್ಕ, ಕಡಲ ಪ್ರಪಾತದಂಚಿನ ಕಾಲುದಾರಿಗೆ ಹಾಕಿರುವ ಬೇಲಿಯನ್ನು ದಯವಿಟ್ಟು ಇವತ್ತೇ ಹಿಂದಕ್ಕೆ ಸರಿಸಿ.

ನನ್ನ ಗಂಡ ಡೆನ್ಜಿಲ್ ದಿನವೂ ಆ ಬೇಲಿಯ ಬುಡದಲ್ಲಿ ಬೋರಲು ಮಲಗಿ, ಕೆಳಗಿನ ಮರಳ ದಂಡೆಯಲ್ಲಿ ಮರಿ ಹಾಕಿರುವ ಸೀಲ್‌ಗಳನ್ನು ನೋಡುತ್ತಾನೆ. ಎದ್ದು ನಿಂತರೆ, ಕೂಗಿದರೆ ತಾಯಿ ಸೀಲ್‌ಗಳು ಬೆದರಿ, ಮರಿಗಳನ್ನೇ ತುಳಿದುಕೊಂಡು ನೀರಿಗೆ ಓಡುತ್ತವೆ. ಮನೆಯಲ್ಲಿ ಗುಡುಗುವವನು ಅಲ್ಲಿ ಕೆಮ್ಮುವುದೂ ಇಲ್ಲ.

ನಿನ್ನೆ ಚಹಾ ಕೊಡಲು ಹೋದಾಗ ಅವನ ಹಿಂದೆ, ಹುಲ್ಲಿನಲ್ಲಿ, ಬಿರುಕು ಕಂಡಿತು. ಕೈ ಹಾಕಿದೆ, ಮೊಣಕೈವರೆಗೂ ಇಳಿಯಿತು. ಒಳಗಿಂದ ಅಲೆಯ ಸದ್ದು ಕೇಳಿಸಿತು.

"ಎದ್ದು ಬಾ ಮಾರಾಯ, ನೆಲ ಬಾಯಿಬಿಟ್ಟಿದೆ," ಅಂತ ಪಿಸುಗುಟ್ಟಿದೆ.

"ನೀನು ಬಾಯಿ ಮುಚ್ಚು ಮಾರಾಯ್ತಿ, ಮರಿ ಈಗಷ್ಟೇ ಮಲಗಿದೆ. ನಾನೇನು ಬೇಲಿ ದಾಟಿದ್ದೀನಾ?"

ದಾಟಿಲ್ಲ, ನಿಜ. ಆದರೆ ಬೇಲಿಯೇ ಬಿರುಕಿನಾಚೆ ಇದೆ. ಬೇಲಿ ಸರಿಯದೆ ಅವನು ಸರಿಯುವ ಪೈಕಿಯಲ್ಲ, ಇವತ್ತೂ ಹೋಗಿದ್ದಾನೆ. ಕೂಗಿದರೆ ಸೀಲ್‌ಗಳು ಓಡುತ್ತವೆ, ಕೂಗದಿದ್ದರೆ ನೆಲ ಓಡುತ್ತದೆ.

ಈ ಪತ್ರವನ್ನು ಪಕ್ಕದ ಮನೆಯವರ ಕೈಲಿ ಕಳಿಸಿ ನಾನು ಅಲ್ಲಿಗೆ ಹೊರಟೆ. ನೀವು ಬರುವವರೆಗೆ ಅವನ ಕಾಲು ಹಿಡಿದು ಕೂತಿರುತ್ತೇನೆ. ಗಾಡಿ ದೂರದಲ್ಲೇ ನಿಲ್ಲಿಸಿ, ಸದ್ದಿಲ್ಲದೆ ಬನ್ನಿ. ಉದ್ದದ ಹಗ್ಗ ತನ್ನಿ.

ಸದ್ಯಕ್ಕೆ ಬಿರುಕಿನ ಈಚೆಯಿಂದ,
ಟ್ಯಾಮ್ಸಿನ್