ಮೂರನೇ ಪದಕದ ಪಟ್ಟಿ

ತಾ. 14-3-1920, ಆದಿತ್ಯವಾರ

ಆ ಪಟ್ಟಿ ಕಣ್ಣಿಂದ ಹೋಗ್ತಾ ಇಲ್ಲ.

ಲಡಾಯಿ ಮುಗಿಸಿ ಬಂದ ರಿಸಾಲ್ದಾರ್ ಮಾನೋಜಿರಾಯರು ಮಗಳ ಮದುವೆ ಸೀರೆಗೆ ನಮ್ಮ ಮಗ್ಗದ ಮನೆಗೆ ಬಂದಿದ್ರು. ಎದೆ ತುಂಬ ಪದಕ. ಮೂರನೇದು ತೂಗೋ ಬಟ್ಟೆ ಪಟ್ಟಿ ಮಾತ್ರ ಸರ್ಕಾರದ್ದಲ್ಲ, ನಾನು ನೇಯ್ದ ಸೀರೆ ಅಂಚು. ದೃಷ್ಟಿಗೆ ಅಂತ ನಾನು ಬಿಡೋ ಕರಿ ಎಳೆ ಅದರಲ್ಲೂ ಇತ್ತು.

"ಈ ಪಟ್ಟಿ ಎಲ್ಲೀದು, ಸಾಹೇಬ್ರೇ?" ಅಂದೆ.

"ನಿನ್ನ ಮಗ್ಗ ನೀನು ನೋಡ್ಕೊಳ್ಳಯ್ಯ" ಅಂತ ಅಂಗೈಲಿ ಮುಚ್ಚಿಕೊಂಡ್ರು.

ಆ ಅಂಚು ನೇಯ್ದದ್ದು ಒಂದೇ ಸಲ, ಓಬಳಮ್ಮನ ಧಾರೆ ಸೀರೆಗೆ. ಅವಳ ಗಂಡ ಸೂರಪ್ಪ ಲಡಾಯಿಲಿ ಈ ರಾಯರ ಕೈಕೆಳಗೇ ಇದ್ದು ಸತ್ತವನು. ನೆನಪಿಗೆ ಅಂತ ಅವಳು ಕೊಟ್ಟ ಅಂಚಿನ ತುಂಡನ್ನ ಹೆಣದ ಜೇಬಿಂದ ತೆಗೆದ್ರಾ? ಪದಕಾನೂ ಅವನದ್ದೇನಾ?

ನಮ್ಮಲ್ಲಿ ನೂಲು ಸುತ್ತೋ ಓಬಳಮ್ಮ ಅಲ್ಲೇ ಕೂತಿದ್ಲು. ಪಟ್ಟಿ ನೋಡಿ ಬೆಚ್ಚಲಿಲ್ಲ. ಅವರು ಹೊರಟಾಗ ಮೆಲ್ಲಗೆ, "ನಾ ಹೊಲಿದ ಪಟ್ಟಿ ಸಡಿಲ ಆಗೈತೆ, ಬಿಗಿ ಮಾಡ್ಕೊಳ್ರಿ" ಅಂದ್ಲು.

ನಮ್ಮೂರು ಮೊಳಕಾಲ್ಮೂರಿಗೆ ಇದೇ ಮೊದಲ ಸಲ ಬಂದದ್ದು ಅಂದಿದ್ರು ರಾಯರು.